ಖಾನಾಪುರದಿಂದ ತಂದ ಚಹಾ

ಚಳಿಗಾಲಕ್ಕಂತ ನಮ್ಮ ಅತ್ತಿಯವರಿಗೆ ಬೆಳಗಾವಿಯಿಂದ ಥರ್ಮಾಸ್ ತಂದಿದ್ದೆ. ಅದರಾಗಿನ ಚಹಾ ತಾಸಿನಾಗ ತಣ್ಣಗ ಆಗತಿತ್ತು. "ಸೊಸಿ ಆರಿಸಿ ತಂದಾಳ ನೋಡ್ರಿ," ಅಂತ ಅತ್ತಿ ಓಣಿಗೆಲ್ಲ ಹೇಳಿದ್ರು. ಸಿಟ್ಟು ಬಂತು. ಕಿರಾಣಿ ತರೂ ದಿನ ಖಾನಾಪುರದ ಮನ್ಯಾಗ ಕುದಿಯೂ ಚಹಾ ಅದಕ್ಕ ತುಂಬಿ ಬೆಳಗಾವಿ ಬಸ್ ಹತ್ತಿದೆ.

"ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ರೀ ಅಕ್ಕಾರ," ಅಂದ ಥರ್ಮಾಸ್ ಅಂಗಡಿಯವ.

"ಅದು ಆಮ್ಯಾಲ. ಥಂಡಿ ಐತಿ, ಮೊದಲ ಚಹಾ ಕುಡೀರಿ," ಅಂತ ಮುಚ್ಚಳದಾಗ ಸುರುವಿ ಕೊಟ್ಟೆ.

ಒಂದು ಗುಟುಕಿಗೇ ಅವನ ಮಾರಿ ಸಣ್ಣದಾತು. ಗಿರಾಕಿಗೋಳು ನಕ್ಕರು. ಹೊಸಾ ಥರ್ಮಾಸ್ ತಗದು ಕೊಟ್ಟ. ಬಾಜೂಕಿನ ಹೋಟೆಲಿನ ಬಿಸಿ ಚಹಾ ಅದಕ್ಕ ತುಂಬಿಸಿದ ಮ್ಯಾಲೇ ನಾನು ಎದ್ದೆ.

ಬ್ಯಾಳಿ, ಸಕ್ಕರಿ ಹೊತ್ತು ಸಂಜೀಕ ಮನಿ ಮುಟ್ಟಿ ಅತ್ತಿಯವರಿಗೆ ಅದೇ ಚಹಾ ಕೊಟ್ಟೆ. ತಣ್ಣಗ ಇರ್ತೈತಿ ಅಂತ ಅವರು ದೊಡ್ಡ ಗುಟುಕು ಹಾಕಿದ್ರು. ನಾಲಿಗಿ ಸುಟ್ಟಿತು.

ಅಷ್ಟು ಸಂತೋಷ ನನಗ ಮದುವಿ ದಿನಾನೂ ಆಗಿರಲಿಲ್ಲ.