ಎಂಟನೆಯ ಪೆಟ್ಟು

ಅಪ್ಪನಿಗೆ ಲಕ್ವ ಹೊಡೆದಾಗ ಬಲಗೈ ಹೋಯ್ತು, ಜೊತೆಗೆ ಮಾತೂ ಹೋಯ್ತು. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಎಷ್ಟೋ ಮದುವೆ ಮನೆಗಳ ವಾಲಗದಲ್ಲಿ ಡೋಲು ಅಪ್ಪಂದೇ. ಬೆರಳ ತುದಿಗಳಿಗೆ ಗಟ್ಟಿ ಟೋಪಿ ಸಿಕ್ಕಿಸಿಕೊಂಡು ಬಾರಿಸುತ್ತಿದ್ದ ಕೈ ಅದು. ನಾನು ಅವನನ್ನು ಚನ್ನರಾಯಪಟ್ಟಣದ ನನ್ನ ಬಾಡಿಗೆ ಮನೆಗೆ ಕರಕೊಂಡು ಬಂದೆ. ಇಲ್ಲಿ ಶಾಲೆಯೊಂದರಲ್ಲಿ ನಾನು ಸಂಗೀತದ ಟೀಚರು. ಟೀಚರಂತೆ! ಮುಂದೆ ಕೇಳಿ ನನ್ನ ಭಾಗ್ಯವ.

ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟಾಕೆ ಅಂದಿದ್ದಿಷ್ಟು: ದಿನಾ ಬೆಳಿಗ್ಗೆ ಬೆರಳಿಂದ ಹಲಗೆ ಮೇಲೆ ಒಂದರಿಂದ ಎಂಟರವರೆಗೆ ತಟ್ಟಿಸಿ, ಎಂಟೂ ಸಮನಾಗಿ ಬಿದ್ದರೆ ಕೈ ತಿರುಗಿ ಬಂದೀತು. ಆದರೆ ನಾವು ಆಡಿದ್ದು ಅವರಿಗೆ ಎಷ್ಟು ಅರ್ಥವಾಗುತ್ತದೋ ಹೇಳಲಾರೆವು. ಆ ಕೊನೇ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಕೈ ಬರದಿದ್ದರೆ ಹಾಳಾಗಿ ಹೋಗಲಿ, ಅಪ್ಪ ಒಳಗೆ ಇದ್ದಾನೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು ನನಗೆ.

ಎರಡನೇ ವಾರ ಬೆರಳು ಆಡಿತು. ಅಯ್ಯೋ, ನನ್ನ ಖುಷಿ! ಫೋನಿನಲ್ಲಿ ಟಿಕ್ ಟಿಕ್ ಹಾಕಿಟ್ಟು ನಾನು ಎಂಟರವರೆಗೆ ಎಣಿಸುವೆ, ಅಪ್ಪ ತಟ್ಟುವನು. ಆದರೆ ಮೂರು ತಟ್ಟಿ, ಆಮೇಲೆ ನಾಲ್ಕು ತಟ್ಟಿ, ನಾನಿನ್ನೂ ಎಂಟು ಅನ್ನುವುದರೊಳಗೆ ಮತ್ತೆ ಮೊದಲಿಂದ ಶುರು ಮಾಡಿಬಿಡುವನು.

"ಇನ್ನೊಂದು ಬಾಕಿ ಐತಲ್ಲಪ್ಪ!" ಅಂತ ಗದರುತ್ತಿದ್ದೆ. ನನ್ನ ಬಾಯಿ ಕೇಳಬೇಡಿ. ಅವನ ಬೆರಳು ಹಿಡಿದು ಎಂಟನೆಯ ಪೆಟ್ಟು ನಾನೇ ಹಾಕಿಸುತ್ತಿದ್ದೆ. ಅಪ್ಪ ಕೈ ಕಿತ್ತುಕೊಳ್ಳುವನು. ಮತ್ತೆ ಏಳೇ. "ಇಷ್ಟೂ ತಿಳಿಯಲ್ವ ನಿಂಗೆ, ಎಲ್ಲಾ ಮರ್ತು ಕೂತ್ಯಾ?" ಅಂದುಬಿಟ್ಟೆ ಒಂದು ದಿನ. ಅಪ್ಪನ ಕಣ್ಣಲ್ಲಿ ನೀರು ಬಂತು. ಈ ಕಾಯಿಲೆಯವರಿಗೆ ಅಳು ಜಾಸ್ತಿಯಂತೆ ಅಂದುಕೊಂಡು ಸೆರಗಿಂದ ಒರೆಸಿದೆ. ಮಾರನೇ ದಿನದಿಂದ ಅವನು ತಟ್ಟುವುದನ್ನೇ ಬಿಟ್ಟ.

ಒಂದು ವಾರವಾಗಿರಬೇಕು. ಶಾಲೆಯಲ್ಲಿ ಮಿಶ್ರ ಛಾಪು ತಾಳದ ಪಾಠ. ಬೋರ್ಡಿನ ಮೇಲೆ ಮೂರು ಗೀಟು ಎಳೆದೆ, ಪಕ್ಕದಲ್ಲಿ ನಾಲ್ಕು ಗೀಟು, ಒಟ್ಟು ಏಳು. ಒಬ್ಬಳು ಹುಡುಗಿ ಕೊನೆಗೆ ಒಂದು ಚಪ್ಪಾಳೆ ಜಾಸ್ತಿ ಹೊಡೆದಳು.

"ಇನ್ನೊಂದು ಯಾಕವ್ವ ಸೇರಿಸ್ತೀಯ?" ಅಂದೆ.

ಅಂದವಳು ಸೀಮೆಸುಣ್ಣ ಹಿಡಿದು ಅಲ್ಲೇ ನಿಂತೆ. ಅದು ನನ್ನ ಮಾತಲ್ಲ, ಅಪ್ಪಂದು. ನಾನು ಚಿಕ್ಕವಳಿದ್ದಾಗ ಅವರೆಕಾಯಿ ಸುಲಿಯುತ್ತಾ, ಮೂರು ಕಾಳು ಒಂದು ಕಡೆ ನಾಲ್ಕು ಕಾಳು ಒಂದು ಕಡೆ ಇಟ್ಟು ಇದೇ ತಾಳ ಕಲಿಸಿದ್ದ. ನಾನು ಪ್ರತಿ ಸಲ ಎಂಟನೇ ಕಾಳು ಸೇರಿಸುವವಳು. "ಎಂಟು ನೆಟ್ಟಗೆ ನಡೀತದೆ. ಏಳು ವಸಿ ಕುಂಟ್ತದೆ ಕಣವ್ವ. ಅದನ್ನ ಅಂಗೇ ಬುಡು, ಸರಿ ಮಾಡಕ್ಕೋಗ್ಬ್ಯಾಡ" ಅನ್ನುತ್ತಿದ್ದ.

ಪಾಠ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದೆ. ದಿನಾ ಬೆಳಿಗ್ಗೆ, ಬಿದ್ದುಹೋದ ಕೈಯಲ್ಲಿ, ತಪ್ಪಿಲ್ಲದ ಏಳು! ನಾನು ಇಲ್ಲೇ ಇದೀನಿ ಅಂತ ಆ ಮನುಷ್ಯ ಇನ್ನು ಹೇಗೆ ಹೇಳಬೇಕಿತ್ತು? ಬೋರ್ಡಿನ ಮೇಲೆ ಏಳು ಬರೆಯುವವಳಿಗೆ ಮನೆಯೊಳಗಿನ ಏಳು ಕೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಚಪ್ಪಲಿಯನ್ನೂ ಬಿಡದೆ ಮಂಚದ ಪಕ್ಕ ಕೂತೆ. ತಕಿಟ ತಕದಿಮಿ, ತಕಿಟ ತಕದಿಮಿ ಅಂತ ಹಲಗೆ ಮೇಲೆ ತಟ್ಟಿದೆ. "ಗೊತ್ತಾಯ್ತಪ್ಪ. ನಂದೇ ತಪ್ಪು. ಈಗ ನೀನು ಹಾಕು" ಅಂದೆ.

ಅಪ್ಪ ತುಂಬ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಬೆರಳೆತ್ತಿ ನಿಧಾನವಾಗಿ ಮೂರು ತಟ್ಟಿದ, ನಾಲ್ಕು ತಟ್ಟಿದ. ನಾನು ಅವನ ಬೆರಳನ್ನೇ ನೋಡುತ್ತಾ ಕೂತಿದ್ದೆ. ಅವನು ಅಳುಕುತ್ತಾ ಇನ್ನೊಮ್ಮೆ ನನ್ನ ಮುಖ ನೋಡಿ, ಎಂಟನೆಯದನ್ನೂ ತಟ್ಟಿದ.