ತನಗೆ ತಾನೇ ಕಾಗದ ಹಾಕ್ಕೊಂಡವನು

ನನ್ನ ತಮ್ಮನ ವಿಷಯ ಹೇಳು ಅಂತೀಯಲ್ಲ, ಅವನನ್ನ ಒಂದು ಕಡೆ ಹಿಡಿದು ನಿಲ್ಲಿಸಿದ್ರೆ ತಾನೇ ಹೇಳೋದು! ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೋನು. ಊಟಕ್ಕೆ ಕೂತ್ರೆ ಎರಡು ತುತ್ತಿಗೊಂದ್ಸಲ ಎದ್ದು ಬಾಗಿಲ ಹತ್ರ ಹೋಗಿ ಬರೋನು. "ಏನೋ ಅದು?" ಅಂದ್ರೆ, "ಏನಿಲ್ಲ ಅಕ್ಕ, ಪೋಸ್ಟ್‌ಮ್ಯಾನ್ ಬಂದ್ನಾ ಅಂತ."

ಕಸುಬು ಬೋರ್ಡು ಬರೆಯೋದು. ಅಂಗಡಿ ಬಾಗಿಲ ಮೇಲೆ, ಲಾರಿ ಹಿಂದೆ, ಆಸ್ಪತ್ರೆ ಗೋಡೆ ಮೇಲೆ. ಸೊಂಟಕ್ಕೆ ಬಣ್ಣದ ಡಬ್ಬ ಸಿಕ್ಕಿಸ್ಕೊಂಡು ಏಣಿ ಹತ್ತಿದ್ರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. "ಇಲ್ಲಿ ಉಗುಳಬಾರದು" ಅಂತ ಅವನು ಬರೆದ್ರೆ ಉಗುಳೋಕೆ ಬಂದೋರೂ ನಿಂತು ಓದ್ತಿದ್ರು. ಓದಿ ಆಮೇಲೆ ಉಗುಳ್ತಿದ್ರು, ಅದು ಬೇರೆ ಮಾತು.

ಎಲ್ಲಿಗೆ ಬಂದೆ? ಹಾಂ, ಪೋಸ್ಟ್‌ಮ್ಯಾನ್. ಇವನಿಗೆ ಸ್ಟಾಂಪು ಕೂಡಿಡೋ ಹುಚ್ಚು. ಬೇರೆಯವರು ಸ್ಟಾಂಪು ಕೂಡಿಡೋದು ಚಿತ್ರಕ್ಕೆ. ಕವರನ್ನ ನೀರಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ, ಒಣಗಿಸಿ ಅಂಟಿಸ್ತಾರೆ. ಇವನಿಗೆ ಚಿತ್ರ ಹಕ್ಕಿ ಆದ್ರೇನು, ಹಡಗಾದ್ರೇನು! ಅದರ ಮೇಲೆ ಪೋಸ್ಟಾಫೀಸಿನವರು ಒತ್ತೋ ಕಪ್ಪು ಮುದ್ರೆ ಇದೆಯಲ್ಲ, ಅದು ಬೇಕು. "ಚಿತ್ರ ಒಂದರ ಹಾಗೇ ಇನ್ನೊಂದು ಅಕ್ಕ. ಮುದ್ರೆ ಹಾಗಲ್ಲ. ಆ ದಿನದ ಮಸಿ, ಆ ದಿನ ಒತ್ತಿದವರ ಕೈ, ಮತ್ತೆ ಸಿಗಲ್ಲ" ಅಂತಿದ್ದ. ಕವರು ಕವರೇ ಎತ್ತಿಡ್ತಿದ್ದ. ಇಡೀ ಬೀದಿ ಅವನನ್ನ ಠಸ್ಸೆ ಅಂತಲೇ ಕರೀತಿತ್ತು. ನಮ್ಮಮ್ಮನೂ ಸಿಟ್ಟು ಬಂದ್ರೆ, "ಠಸ್ಸೆ, ಆ ಹರಕು ಲಕೋಟೆಗಳಿಗೆ ನನ್ನ ಮಂಚದ ಕೆಳಗೇ ಜಾಗ ಬೇಕಿತ್ತೇನೋ?"

ಗೋದಾಮಿನ ಬೀದಿ ಕೊನೇಲಿ ಒಂದು ಪುಟಾಣಿ ಪೋಸ್ಟಾಫೀಸು ಇತ್ತು. ಒಂದು ಕೌಂಟರು, ಒಂದು ತಕ್ಕಡಿ, ಗೋಡೆ ಪಕ್ಕ ಕಾಲು ಅಲ್ಲಾಡೋ ಬೆಂಚು. ಅಲ್ಲಿಗೆ ಒಬ್ಬಳು ಹೊಸಬಳು ಬಂದ್ಲು. ಗಂಡ ತೀರಿಹೋಗಿ ಸುಮಾರು ವರ್ಷ ಆಗಿತ್ತು, ತಾನಾಯ್ತು ತನ್ನ ಕೆಲಸ ಆಯ್ತು. ಅವಳು ಮುದ್ರೆ ಒತ್ತೋದು ಕೇಳ್ಬೇಕಿತ್ತು ನೀನು. ಧಡ್, ಧಡ್, ಬಾಗಿಲು ಬಡಿದ ಹಾಗೆ! ಇವನು ದಿನಾ ಒಂದು ಕವರಿಗೆ ಸ್ಟಾಂಪು ಹಚ್ಚಿ, ಒಳಗೆ ಖಾಲಿ ಹಾಳೆ ಮಡಿಚಿಟ್ಟು, ಮೇಲೆ ತನ್ನ ವಿಳಾಸವನ್ನೇ ಬರೆದು ತಗೊಂಡು ಹೋಗೋನು. ಅವಳ ಮುದ್ರೆ ಬಿದ್ದು ಮನೆಗೆ ವಾಪಸ್ ಬರಲಿ ಅಂತ. ಆ ಖಾಲಿ ಹಾಳೆಗಳನ್ನ ಅಮ್ಮ ಡಬ್ಬಗಳ ತಳಕ್ಕೆ ಹಾಸ್ತಿದ್ಲು. ನಮ್ಮನೇಲಿ ಯಾವ ಡಬ್ಬ ಎತ್ತಿದ್ರೂ ತಳದಲ್ಲಿ ನನ್ನ ತಮ್ಮನ ಹಾಳೆ.

"ಸ್ವಲ್ಪ ಮೆತ್ತಗೆ ಒತ್ತಿ ಮೇಡಂ, ಅಕ್ಷರ ಕದಡ್ತವೆ" ಅಂದನಂತೆ ಮೊದಲ ದಿನ.

"ಊರಿಗೆಲ್ಲ ಒಂದು ಮುದ್ರೆ ಬಿದ್ರೆ ಸಾಕು, ನಿಮಗೆ ಮಾತ್ರ ಹುಣ್ಣಿಮೆ ಚಂದ್ರನೇ ಬೇಕಾ?" ಅಂದ್ಲಂತೆ ಅವಳು.

ಅಲ್ಲಿಗೆ ಬಿದ್ದ ನೋಡು ಹಳ್ಳಕ್ಕೆ! ಆಮೇಲೆ ಮನೆಗೆ ಕವರು ಬಂದ ಕೂಡಲೇ ಬೆಳಕಿಗೆ ಹಿಡಿದು, "ಇವತ್ತು ಓರೆ ಬಿದ್ದಿದೆ, ಮೇಡಂಗೆ ತಲೆನೋವು ಇತ್ತೇನೋ" ಅನ್ನೋನು. "ಇವತ್ತು ದುಂಡಗಿದೆ, ಊಟ ಚೆನ್ನಾಗಿ ಆಗಿದೆ." ಮಾತಾಡೋದು ಮಾತ್ರ ಬರೀ ಮಸಿ ವಿಷಯ. ಗೋಡೆ ಎತ್ತರದ ಅಕ್ಷರ ಬರೆಯೋನಿಗೆ ಬಾಯಲ್ಲಿ ಒಂದಕ್ಷರ ಹೊರಡಲ್ಲ.

ಅಷ್ಟರಲ್ಲಿ ಆ ಆಫೀಸು ಮುಚ್ತಾರೆ ಅಂತ ಚೀಟಿ ಅಂಟಿಸಿದ್ರು. ಕಾಗದ ಎಲ್ಲ ಇನ್ಮೇಲೆ ದೊಡ್ಡಾಫೀಸಿಗೆ, ಅವಳಿಗೆ ದೂರದ ಊರಿಗೆ ವರ್ಗ. ಇವನ ಪಾಡು ಕೇಳ್ಬೇಡ. ಬಣ್ಣದ ಡಬ್ಬ ಬಿಟ್ಟು ಅಂಗಡಿಗೆ ಹೋಗೋನು, ಅಂಗಡಿ ಹತ್ರ ಹೋಗಿ ಯಾಕೆ ಬಂದೆ ಅಂತ ಮರೆಯೋನು. ಬೇಕರಿಯವನ ಬೋರ್ಡಲ್ಲಿ "ತಾಜಾ ಬ್ರೆಡ್" ಅನ್ನೋ ಕಡೆ "ತಾಜಾ ಅಂಚೆ" ಅಂತ ಬರೆದು ಬಂದ. ಬೇಕರಿಯವನು ಮನೆ ಬಾಗಿಲಿಗೇ ಬಂದ, "ನಾನೇನು ಕಾಗದ ಬೇಯಿಸ್ತೀನಾ ತಾಯಿ?" ಅಂತ.

ನಾನು ಹಿಡಿದು ಕೇಳಿದೆ. "ಅವಳನ್ನ ಕೇಳ್ಬೇಕು ಅಂತ ಇದೆಯಾ ನಿಂಗೆ?"

"ಇದೆ."

"ಮತ್ತೆ ಕೇಳು."

"ಕೌಂಟರಲ್ಲಿ ಹಿಂದೆ ಜನ ಇರ್ತಾರೆ ಅಕ್ಕ. ಬರೆದು ಕೊಡ್ತೀನಿ."

ಬರೆದ. ಮೂರು ಹಾಳೆ ಹರಿದ ಮೇಲೆ ಒಂದು ನಿಂತಿತು. ಕವರಿಗೆ ಹಾಕಿ, ಅಂಟಿಸಿ, ಕೌಂಟರಲ್ಲಿ ಅವಳ ಕೈಗೇ ಕೊಟ್ಟು ಬಂದ. ಆಮೇಲೆ ಶುರುವಾಯ್ತು ಒದ್ದಾಟ. ಜಗಲಿಗೆ ಹೋಗ್ತಾನೆ, ಅಡುಗೆಮನೆಗೆ ಬರ್ತಾನೆ, ನೀರು ತುಂಬಿಸ್ತಾನೆ, ಕುಡಿಯಲ್ಲ, ಚೆಲ್ತಾನೆ. "ಓದಿರ್ತಾಳಾ ಅಕ್ಕ? ಸಿಟ್ಟು ಬಂದಿರುತ್ತಾ? ಉತ್ತರ ಯಾಕಿಲ್ಲ?" ಮಾರನೇ ದಿನ ಪೋಸ್ಟಾಫೀಸಿನ ಮುಂದೆ ಹಾದುಹೋದ್ನಂತೆ, ಅವಳು ತಲೆಯೆತ್ತಿ ಎಂದಿನ ಹಾಗೇ ನೋಡಿದ್ಲಂತೆ. "ಎಂದಿನ ಹಾಗೇ ಅಂದ್ರೆ ಬೇಡ ಅಂತ ಅಲ್ವಾ?" ಅಂತ ನನ್ನ ಪ್ರಾಣ ತಿಂದ.

ಆಫೀಸು ಮುಚ್ಚೋ ದಿನ ಬಂತು. ಇವನು ಎದುರು ಮನೆ ಕಾಂಪೌಂಡಿಗೆ "ನಾಯಿ ಇದೆ ಎಚ್ಚರಿಕೆ" ಬರೀತಾ ಏಣಿ ಮೇಲಿದ್ದ. ಪೋಸ್ಟ್‌ಮ್ಯಾನ್ ಒಂದು ಕವರು ಕೊಟ್ಟು ಹೋದ. ಎಂದಿನ ಖಾಲಿ ಹಾಳೆ ಅಂತ ಅಮ್ಮ ಡಬ್ಬಕ್ಕೆ ಹಾಸೋಕೆ ಬಿಡಿಸಿದ್ಲು. "ಏಯ್, ಇದರಲ್ಲಿ ಏನೋ ಗೀಚಿದೆ, ಓದೇ" ಅಂತ ನನ್ನ ಕೈಗೆ ಕೊಟ್ಲು.

ಓದಿದೆ. "ನಿಮ್ಮ ಕೈ ಮುದ್ರೆ ನೋಡದೆ ನನಗೆ ದಿನ ಕಳೆಯಲ್ಲ. ನೀವು ಒಪ್ಪೋದಾದ್ರೆ ಮದುವೆ ಆಗೋಣ."

ಅಮ್ಮ ಕವರು ತಿರುಗಿಸಿ ನೋಡಿದ್ಲು. ಮೇಲೆ ದುಂಡಗೆ, ಚೆಂದಗೆ, ಇವನದೇ ವಿಳಾಸ. "ಅಲ್ವೇ, ಇವನು ಇವನನ್ನೇ ಮದುವೆ ಆಗ್ತಾನಂತಾ?"

ಅಭ್ಯಾಸಬಲ ಕಣೇ! ದಿನಾ ಬರೆದು ಬರೆದು ಕೈಗೆ ಬೇರೆ ವಿಳಾಸವೇ ಗೊತ್ತಿಲ್ಲ. ನಾನು ಕಿಟಕೀಲಿ ಕೂಗಿ ಹೇಳಿದೆ. ಏಣಿಯಿಂದ ಇಳಿದ್ನೋ ಬಿದ್ನೋ, ಬಂದು ಕವರು ಕಿತ್ಕೊಂಡ. ಮುಖ ಬೆಳ್ಳಗೆ, ಕೈ ಕೆಂಪು ಬಣ್ಣ. "ಹಾಗಾದ್ರೆ ಅವಳಿಗೆ ಗೊತ್ತೇ ಇಲ್ಲ!"

ಅಮ್ಮ ಸೊಂಟಕ್ಕೆ ಕೈ ಇಟ್ಲು. "ಯಾರು, ಆ ಕೌಂಟರಿನವಳಾ? ಒಂದ್ಸಲ ಮುದ್ರೆ ಬಿದ್ದ ಸ್ಟಾಂಪಲ್ವೇನೋ ಅದು?"

"ಅಮ್ಮ, ಮುದ್ರೆ ಬೀಳದ ಸ್ಟಾಂಪು ಯಾವತ್ತಾದ್ರೂ ಮನೆಗೆ ತಂದಿದ್ದೀನಾ ನಾನು?" ಅಂದವನೇ ಓಡಿದ. ಅಮ್ಮ ನನ್ನ ಬೆನ್ನಿಗೊಂದು ಗುದ್ದಿ, "ನೋಡ್ತಾ ನಿಂತಿದ್ದೀಯಲ್ಲೇ, ಹಿಂದೆ ಹೋಗು, ಅಲ್ಲೂ ಏನಾದ್ರೂ ತಪ್ಪು ಬರೀತಾನೆ!"

ನಾನು ಏದುಸಿರು ಬಿಟ್ಕೊಂಡು ಹೋಗೋ ಹೊತ್ತಿಗೆ ಇವನು ಕೌಂಟರ್ ಮುಂದೆ ನಿಂತಿದ್ದ. ಹಿಂದೆ ಒಬ್ಬ ಮುದುಕ. ತನ್ನ ವಿಳಾಸ ಹೊಡೆದುಹಾಕಿ, ಅವಳ ಹೆಸರು ಬರೆದು, ಕವರು ಒಳಗೆ ತಳ್ಳಿದ. ಅವಳು ಹೆಸರು ಓದಿದ್ಲು. ಕವರು ವಾಪಸ್ ತಳ್ಳಿದ್ಲು.

"ಇದರ ಸ್ಟಾಂಪಿಗೆ ನಾನೇ ಮುದ್ರೆ ಒತ್ತಿದ್ದೀನಿ ರೀ. ಒಂದೇ ಸ್ಟಾಂಪಲ್ಲಿ ಎರಡು ಸಲ ಕಾಗದ ಹೋಗಲ್ಲ."

"ಹೊಸದು ಕೊಡಿ."

"ಇದ್ದಿದ್ದೆಲ್ಲ ಬೆಳಿಗ್ಗೆನೇ ದೊಡ್ಡಾಫೀಸಿಗೆ ಹೋಯ್ತು." ಕೌಂಟರ್ ಮೇಲೆ ಮೊಣಕೈ ಊರಿದ್ಲು. "ಒಳಗಿರೋದನ್ನ ಬಾಯಲ್ಲಿ ಹೇಳಿ. ಬಾಯಿಗೆ ಸ್ಟಾಂಪು ಬೇಡ."

ಇವನು ಒಂದು ಕಾಲಿಂದ ಇನ್ನೊಂದು ಕಾಲಿಗೆ, ಇನ್ನೊಂದರಿಂದ ಮತ್ತೊಂದಕ್ಕೆ. ಕೆಂಪು ಬಣ್ಣವೆಲ್ಲ ಮೂಗಿಗೆ ಒರೆಸ್ಕೊಂಡ. ಕೊನೆಗೆ, "ಮದುವೆ" ಅಂದ. ಅಷ್ಟೇ. ಹಿಂದೂ ಇಲ್ಲ ಮುಂದೂ ಇಲ್ಲ.

"ಯಾರದ್ದು?"

"ನಮ್ದು."

ಅವಳು ಇವನನ್ನೇ ನೋಡಿದ್ಲು. ನಗಲಿಲ್ಲ. "ನಾಡಿದ್ದು ನಾನು ಬೇರೆ ಊರಲ್ಲಿ ಕೆಲಸಕ್ಕೆ ಹಾಜರಾಗ್ಬೇಕು. ಕೆಲಸ ಬಿಡಲ್ಲ. ನೀವು ಬರ್ತೀರಾ?"

ಹೂಂ ಅನ್ನೋದು ಬಿಟ್ಟು ನಮ್ಮ ಪುಣ್ಯಾತ್ಮ ಏನಂದ ಗೊತ್ತಾ? "ಅಲ್ಲಿ ಮುದ್ರೆ ದುಂಡಗಿರುತ್ತಾ, ಚೌಕವಾ?"

ನಾನು ಹಣೆ ಚಚ್ಕೊಂಡೆ. ಇವನಿಗೂ ತಿಳೀತು, ನಾಲಿಗೆ ಕಚ್ಕೊಂಡ. ಅವಳ ತುಟಿ ಸ್ವಲ್ಪ ಅದುರಿತು. ಆಮೇಲೆ ಬಂತು ನೋಡು ನಗು, ತಕ್ಕಡಿ ಹಿಡ್ಕೊಂಡು ನಕ್ಕಳು.

"ನಾನೂ ನೋಡಿಲ್ಲ ರೀ. ಬನ್ನಿ, ಇಬ್ರೂ ಹೋಗಿ ನೋಡೋಣ."

ಇವನು ನನ್ನ ಕಡೆ ತಿರುಗಿದ. "ಅಕ್ಕಾ, ಇದು ಹೂಂ ಅಂತಾನಾ, ಉಹೂಂ ಅಂತಾನಾ?"

ನಾನು ಬಾಯಿ ತೆಗೆಯೋಕೆ ಮುಂಚೆ ಹಿಂದಿದ್ದ ಮುದುಕ ಅಂದ, "ಹೂಂ ಅಂತ ಕಣಯ್ಯಾ! ಪಕ್ಕಕ್ಕೆ ಸರಿ, ಬಾಗಿಲು ಹಾಕೋದ್ರೊಳಗೆ ನನ್ನ ಪಾರ್ಸೆಲ್ ಬಿಡಿಸ್ಕೋಬೇಕು."

ಯಾರೋ ಏನೋ ಆ ಮುದುಕ. ಅವನ ಹೊಟ್ಟೆ ತಣ್ಣಗಿರಲಿ.