ಕೊಬ್ಬಿನ ಪ್ರಶ್ನೆಗೆ ಅಡಿಗಿಮನಿ ಉತ್ತರ

ಎಂಬತ್ತರ ದಶಕದ ಮಾತು. ರಾಯಚೂರಿನ ರಕ್ತಪರೀಕ್ಷೆ ಲ್ಯಾಬಿನ ನೌಕರಿಗೆ ಸಂದರ್ಶನವಿತ್ತು. ನೌಕರಿ ಸಿಕ್ಕೇಬಿಟ್ಟಿತೆಂದು ನಮ್ಮೂರು ಮಸರಕಲ್ಲಿನಲ್ಲಿ ಮೊದಲೇ ಸಾರಿ ಬಂದಿದ್ದೆ.

"ಜೀವಕೋಶ ತಾನೇ ಕೊಲೆಸ್ಟರಾಲ್ ತಯಾರಿಸ್ತದೆ. ಯಾವಾಗ ನಿಲ್ಲಿಸಬೇಕಂತ ಅದಕ್ಕೆ ಹೇಗೆ ಗೊತ್ತಾಗ್ತದೆ?" ಎಂದರು ಸಂದರ್ಶನಕ್ಕೆ ಕೂತಿದ್ದ ಡಾಕ್ಟರು.

"ಓಣಿಯವರು ರೊಟ್ಟಿ ಕಳಿಸಿದ್ರ ನಮ್ಮವ್ವ ಹಂಚು ಇಳಸ್ತಾಳ್ರೀ. ಕೋಶಾನೂ ಹಂಗ. ರಕ್ತದಾಗಿನ ಕೊಬ್ಬು ಒಳಗ ಬಂದ್ರ ತಾನು ಮಾಡೋದು ನಿಲ್ಲಸ್ತದ."

ಡಾಕ್ಟರು ಬಿಡಲಿಲ್ಲ. "ಕೊಬ್ಬನ್ನು ಒಳಗೆ ಬಿಟ್ಟುಕೊಳ್ಳೋ ಕೋಶದ ಬಾಗಿಲೇ ಕೆಟ್ಟಿದ್ದರೆ?"

"ರೊಟ್ಟಿ ಹೊರಗ ರಾಶಿ ಬೀಳ್ತಾವ, ಒಳಗ ಅವ್ವ ಇನ್ನೂ ರೊಟ್ಟಿ ಬಡಿಯಾಕತ್ತಿರ್ತಾಳ. ಅದಕ್ಕ ರಕ್ತದಾಗ ಕೊಬ್ಬು ಏರ್ತದ್ರೀ."

"ಯಾವ ಪುಸ್ತಕದಲ್ಲಿ ಓದಿದೆಯೋ?"

"ಓದಿದ್ದು ಪುಸ್ತಕದಾಗ್ರೀ, ತಿಳಿದಿದ್ದು ಅಡಿಗಿಮನ್ಯಾಗ."

ನೌಕರಿ ನನಗೇ ಸಿಕ್ಕಿತು. ಮೊದಲ ವರ್ಷವೆಲ್ಲ ಗಾಜಿನ ಕೊಳವೆ ತೊಳೆಯುವುದೇ ಕೆಲಸ. ಆದರೂ ಹೇಳ್ತೀನಿ, ಅಷ್ಟು ಚೊಕ್ಕಾಗಿ ತೊಳೆಯುವವನು ಇಡೀ ರಾಯಚೂರಿನಲ್ಲಿ ಇನ್ನೊಬ್ಬ ಇರಲಿಲ್ಲ.